ಪರದೇಶಿಯನ್ನು ಸೇರಿಸಿಕೊಳ್ಳುವ ಸಭೆ: ಅಮೆರಿಕದ ಕನ್ನಡ ಕ್ರೈಸ್ತರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದರ ಸಹೋದರಿಯರೇ,

ಕರ್ತನ ನಾಮದಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ಡಲ್ಲಾಸಿನಲ್ಲಿ, ನ್ಯೂಜೆರ್ಸಿಯಲ್ಲಿ, ಇಲ್ಲಿ ಒಹಾಯೋದಲ್ಲಿ ಆಗೀಗ ಯಾರದಾದರೂ ಮನೆಯಲ್ಲಿ ಸೇರಿ ಕನ್ನಡದಲ್ಲಿ ಕೀರ್ತನೆ ಹಾಡುವವರು ನಾವು. ಉಳಿದ ಭಾನುವಾರಗಳಲ್ಲಿ ಅಮೆರಿಕನ್ನರ ದೊಡ್ಡ ದೊಡ್ಡ ಸಭೆಗಳಲ್ಲಿ, ಅವರ ಪಕ್ಕದಲ್ಲೇ ಕುಳಿತು ಆರಾಧಿಸುತ್ತೇವೆ. ಅಲ್ಲಿ ಕುಳಿತು ನಾವು ಏನನ್ನು ಕೇಳಿಸಿಕೊಳ್ಳುತ್ತಿದ್ದೇವೆ, ಕೇಳಿಸಿಕೊಂಡು ಯಾಕೆ ಸುಮ್ಮನಿದ್ದೇವೆ ಎಂಬುದರ ಬಗ್ಗೆ ಈ ಪತ್ರ. ಇದನ್ನು ಇಂಗ್ಲಿಷಿನಲ್ಲಿ ಅವರಿಗೇ ಬರೆಯಬಹುದಿತ್ತು. ಅವರಿಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಮಾತಾಡಬೇಕಾಗಿರುವುದು ನಿಮ್ಮೊಂದಿಗೆ.

ನಮ್ಮ ಕೂಟಗಳಲ್ಲಿ ಯಾರೂ ಬರೆದಿಡದ ನಿಯಮವೊಂದಿದೆ: ರಾಜಕೀಯ ಬೇಡ. ಮಕ್ಕಳ ಕಾಲೇಜು, ಊರಿನ ಸೈಟಿನ ತಕರಾರು, ಗ್ರೀನ್ ಕಾರ್ಡಿನ ಸರದಿ, ಯಾವುದನ್ನು ಬೇಕಾದರೂ ಮಾತಾಡಬಹುದು. ಆದರೆ ಊಟ ಮುಗಿಸಿ ಮನೆ ಸೇರುವಷ್ಟರಲ್ಲಿ ಅದೇ ಜನರ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯವೇ ತುಂಬಿರುತ್ತದೆ. ಗಡಿ ದಾಟಿ ಬಂದವರೆಲ್ಲ ಕಳ್ಳರೆಂದು ಒಬ್ಬರು ಕಳುಹಿಸಿದ್ದಕ್ಕೆ ಇನ್ನೊಬ್ಬರು ಕೈಮುಗಿದ ಚಿತ್ರ ಹಾಕುತ್ತಾರೆ. ಎದುರಿಗೆ ಕುಳಿತಾಗ ಆಡದೆ, ಬೆನ್ನ ಹಿಂದೆ ಹಂಚಿಕೊಳ್ಳುವ ಈ ಅಭ್ಯಾಸವನ್ನು ತಟಸ್ಥ ನಿಲುವು ಎಂದು ನಾನು ಒಪ್ಪಲಾರೆ.

2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನವಾದ ಕ್ಯಾಪಿಟಲ್ ಕಟ್ಟಡದ ಮೇಲೆ ನುಗ್ಗಿದ, ಚುನಾವಣೆಯಲ್ಲಿ ಸೋತ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಬೆಂಬಲಿಗರ ಗುಂಪನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅವರ ಕೈಯಲ್ಲಿ ಯೇಸುವಿನ ಹೆಸರು ಬರೆದ ಧ್ವಜಗಳಿದ್ದವು, ಹೊರಗೆ ಹುಲ್ಲುಹಾಸಿನ ಮೇಲೆ ನೇಣುಗಂಬವಿತ್ತು. ಸೆನೆಟ್ ಸಭಾಂಗಣದೊಳಗೆ ಹೊಕ್ಕವರು ಅಲ್ಲೇ ನಿಂತು ಯೇಸುವಿನ ನಾಮದಲ್ಲಿ ಪ್ರಾರ್ಥನೆ ಮಾಡಿದರು. ಹೊರಗೆ ಪೊಲೀಸರಿಗೆ ಹೊಡೆತ ಬೀಳುತ್ತಿದ್ದಾಗ ಒಳಗೆ ಪ್ರಾರ್ಥನೆ. ನನ್ನನ್ನು ನಡುಗಿಸಿದ್ದು ಆ ಪ್ರಾರ್ಥನೆ.

ಅದು ನಮ್ಮನ್ನು ಯಾರಿಗಿಂತಲೂ ಹೆಚ್ಚಾಗಿ ನಡುಗಿಸಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ ಎರಡಕ್ಕಿಂತ ಕಡಿಮೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಬಳಿಯ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿ ಪರಮಪ್ರಸಾದವನ್ನು ಚೆಲ್ಲಾಡಿದ ದಿನ ನಮ್ಮಲ್ಲಿ ಎಷ್ಟೋ ಮಂದಿ ಊರಿಗೆ ಫೋನಿನ ಮೇಲೆ ಫೋನು ಮಾಡಿದ್ದೆವು. ಬಹುಸಂಖ್ಯಾತರ ಧರ್ಮ ಮತ್ತು ಅಧಿಕಾರ ಕೈಕೈ ಹಿಡಿದು ಬಂದಾಗ ಅಲ್ಪಸಂಖ್ಯಾತರ ಮನೆಯಲ್ಲಿ ರಾತ್ರಿ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಮಾನ ಹತ್ತಿ ಸಾಗರ ದಾಟಿದ ಕೂಡಲೇ ನಾವು ಬಹುಸಂಖ್ಯಾತರ ಧರ್ಮದವರಾದೆವು. ಅಲ್ಲಿ ಯಾವುದು ಅನ್ಯಾಯವಾಗಿತ್ತೋ ಅದು ಇಲ್ಲಿ ನಮಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ನ್ಯಾಯವಾಗುವುದಿಲ್ಲ. ಭಾರತದಲ್ಲಿ ಸಂವಿಧಾನದ ಜಾತ್ಯತೀತತೆಯ ನೆರಳಿನಲ್ಲಿ ಬದುಕುತ್ತಾ, ಅಮೆರಿಕದಲ್ಲಿ ಮಾತ್ರ ಇದು ಕ್ರೈಸ್ತ ರಾಷ್ಟ್ರವಾಗಲಿ ಎಂದು ಕೈತಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಮುಚ್ಚಿಡುವುದಿಲ್ಲ.

ನೀವು ಮತ್ತೆ ಮತ್ತೆ ಹೇಳುವ ಮಾತೊಂದಿದೆ: "ನಾವು ಕಾನೂನು ಪ್ರಕಾರ ಬಂದವರು, ಸರದಿಯಲ್ಲಿ ನಿಂತವರು." ನಿಜ. ನಾನೂ ಹಾಗೆಯೇ ಬಂದವಳು. ಆದರೆ ಆ ಸರದಿ ಯಾವಾಗ, ಯಾರಿಂದ ಶುರುವಾಯಿತು ಎಂದು ಒಮ್ಮೆ ನೋಡಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣದಲ್ಲಿ ಈ ದೇಶದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. 1946ರಲ್ಲಿ ಕನಿಕರ ತೋರಿ ಕೊಟ್ಟದ್ದು ವರ್ಷಕ್ಕೆ 100 ಜನ ಭಾರತೀಯರಿಗೆ ಪ್ರವೇಶ. ಇಡೀ ಭಾರತಕ್ಕೆ ನೂರು! ಆಗಲೂ ಕಾನೂನು ಕಾನೂನೇ ಆಗಿತ್ತು. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು, ನನ್ನಂಥ ನರ್ಸುಗಳು ದಂಡಿಯಾಗಿ ಬರಲು ಸಾಧ್ಯವಾದದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ಪ್ರತಿಮೆಯ ಪಾದದ ಬಳಿ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದ ಮೇಲೆ.

ಅದೇ ವರ್ಷದ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಊರಿನ ಬ್ರೌನ್ ಚಾಪೆಲ್ ಎಂಬ ಕಪ್ಪು ಜನರ ಚರ್ಚಿನಿಂದ ಮತದಾನದ ಹಕ್ಕಿಗಾಗಿ ಹೊರಟವರನ್ನು ಸೇತುವೆಯ ಮೇಲೆ ಪೊಲೀಸರು ಲಾಠಿಯಿಂದ ಹೊಡೆದು ಉರುಳಿಸಿದ್ದರು. ಅದಕ್ಕೂ ಹಿಂದೆ, 1963ರ ಸೆಪ್ಟೆಂಬರ್ 15ರ ಭಾನುವಾರ, ಬರ್ಮಿಂಗ್‌ಹ್ಯಾಮಿನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿದು ಆರಾಧನೆಗೆ ಸಿದ್ಧವಾಗುತ್ತಿದ್ದ ನಾಲ್ವರು ಹುಡುಗಿಯರು ಸತ್ತಿದ್ದರು. ಬಣ್ಣ ನೋಡಿ ಮನುಷ್ಯನನ್ನು ಅಳೆಯುವ ಕಾನೂನುಗಳು ಇನ್ನು ನಿಲ್ಲಲಾರವು ಎಂದು ಈ ದೇಶದ ಆತ್ಮಸಾಕ್ಷಿಗೆ ನಾಟಿದ್ದು ಆ ಚರ್ಚುಗಳ ರಕ್ತದಿಂದ. ಅದೇ ಅಲೆಯಲ್ಲಿ ವಲಸೆಯ ಬಾಗಿಲೂ ತೆರೆಯಿತು. ನಾವು ಸರದಿಯಲ್ಲಿ ನಿಂತವರು ಹೌದು. ಆ ಸರದಿಗೆ ಜಾಗ ಮಾಡಿಕೊಟ್ಟವರು ಕಾನೂನು ಮುರಿದು ಜೈಲಿಗೆ ಹೋದ ಸಭಾಪಾಲಕರು. ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಜೈಲಿನಿಂದ ಪತ್ರ ಬರೆದದ್ದು ಜನಾಂಗದ್ವೇಷಿ ಗೂಂಡಾಗಳಿಗಲ್ಲ. "ಸ್ವಲ್ಪ ತಾಳಿ, ಬೀದಿಗಿಳಿಯಬೇಡಿ" ಎಂದು ಬುದ್ಧಿವಾದ ಹೇಳಿದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ.

ಈಗ ನನ್ನ ರಾಜ್ಯದ ಮಾತಿಗೆ ಬರುತ್ತೇನೆ. ಸ್ಪ್ರಿಂಗ್‌ಫೀಲ್ಡ್ ಸುಮಾರು 60 ಸಾವಿರ ಜನರ ಊರು. ಕಾರ್ಖಾನೆಗಳು ಮುಚ್ಚಿ, ಜನ ಬಿಟ್ಟು ಹೋಗಿ, ಸೊರಗಿದ್ದ ಊರು. ಕೆಲವೇ ವರ್ಷಗಳಲ್ಲಿ ಕೆರಿಬಿಯನ್ ದ್ವೀಪದ ಹೈಟಿ ದೇಶದಿಂದ ಬಂದ ಸಾವಿರಾರು ಹೈಟಿಯನ್ನರು ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಅವರಲ್ಲಿ ಬಹುಪಾಲು ಜನ, ಸ್ವದೇಶದ ಸಂಕಟದಿಂದಾಗಿ ಮರಳಲಾಗದವರಿಗೆ ಸರ್ಕಾರ ಕೊಡುವ ತಾತ್ಕಾಲಿಕ ರಕ್ಷಣೆಯ ಅಡಿಯಲ್ಲಿ ಕಾನೂನುಬದ್ಧವಾಗಿಯೇ ಇದ್ದವರು, ಬಹುಪಾಲು ಜನ ಕ್ರೈಸ್ತರು. ತೊಂದರೆಗಳಿರಲಿಲ್ಲ ಎಂದು ಹೇಳುವುದಿಲ್ಲ. ಬಾಡಿಗೆ ಏರಿತು, ಆಸ್ಪತ್ರೆಗಳಲ್ಲಿ ಕಾಯುವ ಹೊತ್ತು ಹೆಚ್ಚಿತು, ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಮಕ್ಕಳು ತುಂಬಿದರು. 2023ರಲ್ಲಿ ಹೈಟಿಯ ವಲಸಿಗನೊಬ್ಬ ಓಡಿಸುತ್ತಿದ್ದ ವಾಹನ ಶಾಲಾ ಬಸ್ಸಿಗೆ ಡಿಕ್ಕಿ ಹೊಡೆದು 11 ವರ್ಷದ ಹುಡುಗನೊಬ್ಬ ಸತ್ತ. ಊರಿಗೆ ನೋವಿತ್ತು, ಕೋಪವೂ ಇತ್ತು.

2024ರ ಸೆಪ್ಟೆಂಬರ್ 10ರ ರಾತ್ರಿ ಅಧ್ಯಕ್ಷೀಯ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್ ಅವರು ಆ ಊರಿನ ಹೈಟಿಯನ್ನರು ನಾಯಿ ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಸುಳ್ಳು. ಊರಿನ ಆಡಳಿತವೇ ಅದಕ್ಕೆ ಆಧಾರವಿಲ್ಲವೆಂದು ಹೇಳಿತು. ಆದರೂ ಬಾಂಬ್ ಬೆದರಿಕೆಗಳು ಒಂದರ ಹಿಂದೊಂದು ಬಂದವು, ಶಾಲೆಗಳನ್ನು ಖಾಲಿ ಮಾಡಿಸಬೇಕಾಯಿತು. ಚರ್ಚೆ ನಡೆದ ಅದೇ ದಿನ ಆ ಸತ್ತ ಹುಡುಗನ ತಂದೆ ಊರಿನ ಆಯೋಗದ ಸಭೆಯಲ್ಲಿ ಮೈಕಿನ ಮುಂದೆ ನಿಂತಿದ್ದರು. ತಮ್ಮ ಮಗನದು ಕೊಲೆಯಲ್ಲ, ಅಪಘಾತ, ಅವನ ಹೆಸರನ್ನು ದ್ವೇಷಕ್ಕೆ ಬಳಸುವುದನ್ನು ನಿಲ್ಲಿಸಿ ಎಂದು ರಾಜಕಾರಣಿಗಳ ಹೆಸರು ಹಿಡಿದೇ ಕೇಳಿಕೊಂಡರು. ಮಗನನ್ನು ಮಣ್ಣು ಮಾಡಿದ ತಂದೆಗೆ ಆ ಮಾತು ಎಲ್ಲಿಂದ ಬಂತೋ, ಅಷ್ಟು ಧೈರ್ಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೂ ಇರಲಿಲ್ಲ.

ರಾಜ್ಯಪಾಲ ಮೈಕ್ ಡಿವೈನ್ ಅದೇ ಊರಿನಲ್ಲಿ ಹುಟ್ಟಿದವರು. ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದವರು, ಕಥೊಲಿಕರು. ಹೈಟಿಯ ಒಂದು ಶಾಲೆಗೆ ಅವರ ಕುಟುಂಬ ವರ್ಷಗಟ್ಟಲೆ ನೆರವಾಗಿತ್ತು, ಅಪಘಾತದಲ್ಲಿ ತೀರಿಕೊಂಡ ಅವರ ಮಗಳ ಹೆಸರನ್ನು ಆ ಶಾಲೆಗೆ ಇಡಲಾಗಿತ್ತು. ಅವರು ತಮ್ಮ ಪಕ್ಷದ ಅಭ್ಯರ್ಥಿಯ ಮಾತು ಸುಳ್ಳೆಂದು ಬಹಿರಂಗವಾಗಿ ಹೇಳಿದರು, ಶಾಲೆಗಳಿಗೆ ರಾಜ್ಯದ ಪೊಲೀಸರನ್ನು ಕಳುಹಿಸಿದರು. ಆಮೇಲೂ ಆ ಅಭ್ಯರ್ಥಿಗೇ ಬೆಂಬಲ ಕೊಟ್ಟರು, ಅದನ್ನು ನಾನು ಒಪ್ಪುವುದಿಲ್ಲ. ಆದರೆ ತನ್ನವರೇ ಸುಳ್ಳು ಹೇಳಿದಾಗ ಸುಳ್ಳು ಎನ್ನುವ ನಾಲಿಗೆ ಕ್ರೈಸ್ತನಿಗೆ ಇರಬೇಕಾದದ್ದು. ಅದು ಅವರಿಗಿತ್ತು.

ನಾನು ಹಿರಿಯರ ಆರೈಕೆಯ ಕೇಂದ್ರವೊಂದರಲ್ಲಿ ರಾತ್ರಿ ಪಾಳಿಯ ನರ್ಸಾಗಿದ್ದಾಗ ಹೈಟಿಯ ಒಬ್ಬ ಹೆಣ್ಣುಮಗಳು ನಮ್ಮ ಜೊತೆ ಸಹಾಯಕಿಯಾಗಿದ್ದಳು. ಒಂದು ಕೋಣೆಯಲ್ಲಿ ಮುದುಕ ರೈತ, ಮಂಚದ ಪಕ್ಕದ ಮೇಜಿನ ಮೇಲೆ ಸದಾ ಟ್ರಂಪ್ ಅವರ ಕೆಂಪು ಟೋಪಿ. ಮೊದಮೊದಲು ಅವಳು ಮುಟ್ಟಿದರೆ ಆಗುತ್ತಿರಲಿಲ್ಲ. ಅವಳು ಮಾತ್ರ ದಿನವೂ ಅವರನ್ನು ಮಗ್ಗುಲು ಬದಲಿಸಿ, ಗಡ್ಡ ಹೆರೆದು, ಟೋಪಿಯ ಧೂಳು ಕೊಡವಿ ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು. ಕೊನೆಯ ದಿನಗಳಲ್ಲಿ ಅವರಿಗೆ ಕಣ್ಣು ಮಂಜಾಗಿತ್ತು. ಒಂದು ರಾತ್ರಿ 23ನೇ ಕೀರ್ತನೆ ಓದಲು ಕೇಳಿದರು. ಅವಳು ಇಂಗ್ಲಿಷಿನಲ್ಲಿ ಶುರು ಮಾಡಿ ಎರಡು ಸಾಲಿಗೆ ತಡವರಿಸಿ ನಿಂತಳು. "ನಿನಗೆ ಬಾಯಿಪಾಠ ಬರುವ ಭಾಷೆಯಲ್ಲೇ ಹೇಳು" ಎಂದರು ಅವರು. ಅವಳು ಕ್ರಿಯೋಲ್ ಭಾಷೆಯಲ್ಲಿ ಪೂರ್ತಿ ಹೇಳಿದಳು, ಅವರು ತುಟಿಯಲ್ಲೇ ಇಂಗ್ಲಿಷಿನಲ್ಲಿ ಹೇಳಿಕೊಂಡರು. ನಾನು ಔಷಧಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರ ಮತ ಬದಲಾಯಿತೇ ಎಂದು ಕೇಳಬೇಡಿ. ಅದು ನನಗೆ ಬೇಕಾಗಿಯೂ ಇಲ್ಲ. 2025ರಲ್ಲಿ ಹೈಟಿಯವರ ತಾತ್ಕಾಲಿಕ ರಕ್ಷಣೆಯನ್ನು ಕೊನೆಗಾಣಿಸುವುದಾಗಿ ಸರ್ಕಾರ ಪ್ರಕಟಿಸಿದಾಗ ನನಗೆ ಮೊದಲು ನೆನಪಾದದ್ದು ಆ ಹೆಣ್ಣುಮಗಳು, ಆಮೇಲೆ ಅವಳಿಲ್ಲದೆ ಮಗ್ಗುಲು ಬದಲಿಸಲಾಗದೆ ಬೆನ್ನು ಹುಣ್ಣಾಗುವ ಮುದುಕರು.

ಟ್ರಂಪ್ ಅವರಿಗೆ ಮತ ಹಾಕಿದ ಕ್ರೈಸ್ತರನ್ನೆಲ್ಲ ನಾನು ದೂರುತ್ತಿದ್ದೇನೆ ಎಂದು ತಿಳಿಯಬೇಡಿ. ಬಿಳಿಯ ಇವಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರೊಟೆಸ್ಟಂಟ್) ಕ್ರೈಸ್ತರಲ್ಲಿ ಹತ್ತರಲ್ಲಿ ಎಂಟರಷ್ಟು ಮಂದಿ 2016ರಿಂದ ಅವರ ಜೊತೆಗಿದ್ದಾರೆ. ಇವರಲ್ಲಿ ನನ್ನ ನೆರೆಹೊರೆಯವರಿದ್ದಾರೆ, ನನ್ನ ಜೊತೆ ಮೊಣಕಾಲೂರಿ ಪ್ರಾರ್ಥಿಸಿದವರಿದ್ದಾರೆ. ಹುಟ್ಟದ ಮಗುವಿನ ಜೀವಕ್ಕಾಗಿ ದಶಕಗಳ ಕಾಲ ಕಣ್ಣೀರಿಟ್ಟು, 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದಾಗ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ನಂಬಿದವರು ಅವರು. ಆ ನಂಬಿಕೆಯನ್ನು ಹಾಸ್ಯ ಮಾಡಿದ ಉದಾರವಾದಿಗಳೂ ಈ ಬಿರುಕಿಗೆ ಕಾರಣ. ಜಾರ್ಜ್ ಡಬ್ಲ್ಯೂ. ಬುಷ್ 2003ರಲ್ಲಿ ಏಡ್ಸ್ ಪರಿಹಾರ ಯೋಜನೆ ತಂದಾಗ ಅದರ ಬೆನ್ನಿಗೆ ನಿಂತವರಲ್ಲಿ ಈ ಇವಾಂಜೆಲಿಕಲ್ ಕ್ರೈಸ್ತರೂ ಇದ್ದರು. ಎರಡೂವರೆ ಕೋಟಿ ಜೀವಗಳು ಅದರಿಂದ ಉಳಿದವೆಂದು ಅಮೆರಿಕ ಸರ್ಕಾರದ ಅಂದಾಜು, ಬಹುಪಾಲು ಆಫ್ರಿಕಾದವು. ಆ ಜನರ ಹೃದಯ ಕಲ್ಲಾಗಿದೆ ಎಂದರೆ ನಾನು ನಂಬುವುದಿಲ್ಲ.

2025ರ ಸೆಪ್ಟೆಂಬರ್ 10ರಂದು ಟ್ರಂಪ್ ಪರ ಯುವ ಸಂಘಟಕರಾಗಿದ್ದ ಚಾರ್ಲಿ ಕರ್ಕ್ ಅವರನ್ನು ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ, ವಿದ್ಯಾರ್ಥಿಗಳೊಂದಿಗೆ ವಾದ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಅವರು ಹೇಳುತ್ತಿದ್ದುದರಲ್ಲಿ ಹೆಚ್ಚಿನದನ್ನು ನಾನು ಒಪ್ಪುತ್ತಿರಲಿಲ್ಲ. ಅವರ ಸಾವಿಗೆ ಸಂತೋಷಪಟ್ಟವರು ನನ್ನ ಕಡೆಯವರಲ್ಲ. 11 ದಿನಗಳ ನಂತರ ಅರಿಜೋನಾದ ಕ್ರೀಡಾಂಗಣದಲ್ಲಿ ನಡೆದ ಸ್ಮರಣೆಯಲ್ಲಿ ಅವರ ಪತ್ನಿ ಎರಿಕಾ ಕರ್ಕ್ ಶಿಲುಬೆಯ ಮೇಲಿನ ಕ್ರಿಸ್ತನ ಪ್ರಾರ್ಥನೆಯನ್ನು ನೆನೆದು, ಗಂಡನನ್ನು ಕೊಂದವನನ್ನು ಕ್ಷಮಿಸಿದ್ದೇನೆ ಎಂದು ಅಳುತ್ತಲೇ ಹೇಳಿದರು. ಅದೇ ವೇದಿಕೆಯ ಮೇಲೆ, ಆಮೇಲೆ ಮಾತಾಡಿದ ದೇಶದ ಅಧ್ಯಕ್ಷ ಟ್ರಂಪ್ ಅವರು ತಾನು ವಿರೋಧಿಗಳನ್ನು ದ್ವೇಷಿಸುತ್ತೇನೆ, ಅವರಿಗೆ ಒಳ್ಳೆಯದಾಗಲಿ ಎಂದು ಬಯಸುವುದಿಲ್ಲ ಎಂದರು. ಕ್ರೀಡಾಂಗಣ ಇಬ್ಬರಿಗೂ ಚಪ್ಪಾಳೆ ತಟ್ಟಿತು. ಬಂಧುಗಳೇ, ಎರಡಕ್ಕೂ ಚಪ್ಪಾಳೆ ತಟ್ಟಲು ಬರುವುದಿಲ್ಲ. ಅಮೆರಿಕದ ಸಭೆಯ ಮುಂದಿರುವ ಆಯ್ಕೆ ಅಂದು ಕೆಲವೇ ನಿಮಿಷಗಳ ಅಂತರದಲ್ಲಿ ಎಲ್ಲರ ಕಣ್ಣೆದುರು ನಿಂತಿತ್ತು. ಅದು ಎರಡು ಪಕ್ಷಗಳ ನಡುವಿನ ಆಯ್ಕೆ ಆಗಿರಲಿಲ್ಲ.

2025ರ ಜನವರಿಯಲ್ಲಿ, ಟ್ರಂಪ್ ಅವರು ಮತ್ತೆ ಅಧಿಕಾರಕ್ಕೆ ಬಂದ ಮರುದಿನವೇ, ಚರ್ಚು ಶಾಲೆ ಆಸ್ಪತ್ರೆಗಳೊಳಗೆ ವಲಸೆ ಅಧಿಕಾರಿಗಳು ಬಂಧಿಸಬಾರದೆಂಬ ಹಳೆಯ ನಿಯಮವನ್ನು ರದ್ದು ಮಾಡಿದ್ದಾಗಿ ಸರ್ಕಾರ ತಿಳಿಸಿತು. ಜುಲೈ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದ ಬಿಷಪ್, ಬಂಧನದ ಭಯವಿರುವವರು ಭಾನುವಾರದ ಪೂಜೆಗೆ ಬಾರದಿದ್ದರೂ ಅದು ಪಾಪವಲ್ಲವೆಂದು ವಿನಾಯಿತಿ ಕೊಡಬೇಕಾಯಿತು. ಧರ್ಮದ ರಕ್ಷಣೆಯ ಹೆಸರಿನಲ್ಲಿ ಗೆದ್ದವರ ಆಡಳಿತದಲ್ಲಿ ಜನ ಪೂಜೆಗೆ ಬರಲು ಹೆದರುತ್ತಿದ್ದಾರೆ. ಕಥೊಲಿಕ ಮತ್ತು ಇವಾಂಜೆಲಿಕಲ್ ಸಂಸ್ಥೆಗಳು ಒಟ್ಟಾಗಿ ಅದೇ ವರ್ಷ ಹೊರತಂದ ವರದಿಯ ಪ್ರಕಾರ ಅಮೆರಿಕದ ಕ್ರೈಸ್ತರಲ್ಲಿ ಹನ್ನೆರಡರಲ್ಲಿ ಒಬ್ಬರು ಗಡೀಪಾರಿನ ಅಪಾಯದಲ್ಲಿದ್ದಾರೆ, ಇಲ್ಲವೇ ಅಂಥವರ ಜೊತೆ ಒಂದೇ ಮನೆಯಲ್ಲಿ ಬದುಕುತ್ತಿದ್ದಾರೆ. ಹೊರಗಟ್ಟಬೇಕೆಂದು ನೀವು ಸಂದೇಶ ಹಂಚುವುದು ಬೇರೆ ಯಾರನ್ನೋ ಅಲ್ಲ. ಕರ್ತನ ಭೋಜನದಲ್ಲಿ ನಿಮ್ಮ ಜೊತೆ ರೊಟ್ಟಿ ಮುರಿಯುವವರನ್ನು.

ಈ ದೇಶ ಒಡೆಯುವ ಮೊದಲು ಇಲ್ಲಿನ ಸಭೆ ಒಡೆದ ಚರಿತ್ರೆ ಇದೆ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಮೆಥೋಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರ ದಕ್ಷಿಣವಾಗಿ ಸೀಳಿದರು. ಅಂತರ್ಯುದ್ಧ ಶುರುವಾದದ್ದು 1861ರಲ್ಲಿ. ಎರಡೂ ಕಡೆಯವರು ಓದುವುದು ಅದೇ ಬೈಬಲ್, ಪ್ರಾರ್ಥಿಸುವುದು ಅದೇ ದೇವರನ್ನು ಎಂದು ಲಿಂಕನ್ 1865ರ ಮಾರ್ಚ್‌ನಲ್ಲಿ ಹೇಳುವ ಹೊತ್ತಿಗೆ ಲಕ್ಷಾಂತರ ಜನ ಸತ್ತಿದ್ದರು. ಗುಲಾಮಗಿರಿಯನ್ನು ಸಮರ್ಥಿಸಿದ್ದಕ್ಕೆ ದಕ್ಷಿಣದ ಬ್ಯಾಪ್ಟಿಸ್ಟರು ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷ ಕಳೆದ ಮೇಲೆ. ನಾವೂ ಅಷ್ಟು ಕಾಲ ಕಾಯಬೇಕೇ?

ಭರವಸೆ ಎಲ್ಲಿದೆ ಎಂದು ನೀವು ಕೇಳಬಹುದು. ನಾನು ಅದನ್ನು ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಕಾಣುತ್ತೇನೆ. 2015ರ ಜೂನ್ 17ರ ಬುಧವಾರ ರಾತ್ರಿ ಇಮ್ಯಾನುಯೆಲ್ ಚರ್ಚಿನಲ್ಲಿ ಒಂದಿಷ್ಟು ಕಪ್ಪು ಜನರು ಬೈಬಲ್ ಅಧ್ಯಯನಕ್ಕೆ ಕುಳಿತಿದ್ದರು. ಗುರುತಿಲ್ಲದ ಬಿಳಿಯ ಹುಡುಗನೊಬ್ಬ ಬಂದ. ಅವನಿಗೆ ಕುರ್ಚಿ ಕೊಟ್ಟರು, ಪಕ್ಕದಲ್ಲೇ ಕೂರಿಸಿಕೊಂಡರು. ಅಂದಿನ ಪಾಠ ಮಾರ್ಕನ ಸುವಾರ್ತೆಯಲ್ಲಿನ ಬಿತ್ತುವವನ ಸಾಮ್ಯ. ಸುಮಾರು ಒಂದು ಗಂಟೆ ಅವರೊಂದಿಗೆ ಕುಳಿತಿದ್ದು, ಕೊನೆಯ ಪ್ರಾರ್ಥನೆಗೆ ಅವರು ಕಣ್ಣು ಮುಚ್ಚಿದಾಗ ಅವನು ಗುಂಡು ಹಾರಿಸಿದ. ಸಭಾಪಾಲಕರೂ ರಾಜ್ಯದ ಸೆನೆಟರೂ ಆಗಿದ್ದ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಮಂದಿ ಸತ್ತರು. ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ ಸತ್ತವರ ಮನೆಯವರು ಒಬ್ಬೊಬ್ಬರಾಗಿ ಎದ್ದು, ವೀಡಿಯೊ ಪರದೆಯಲ್ಲಿ ಕಾಣುತ್ತಿದ್ದ ಅವನಿಗೆ ನಿನ್ನನ್ನು ಕ್ಷಮಿಸಿದ್ದೇನೆ ಎಂದರು. ಎಲ್ಲರೂ ಹೇಳಲಿಲ್ಲ, ಹೇಳಲಾರದವರನ್ನು ನಾನು ದೂರುವುದೂ ಇಲ್ಲ. ಆ ಕ್ಷಮೆಯನ್ನು ಬಿಳಿಯರು ಅಗ್ಗವಾಗಿ ಹೊಗಳಿ ಮರೆತರು ಎಂದು ಕಪ್ಪು ಜನರಲ್ಲಿ ಅನೇಕರು ನೊಂದದ್ದೂ ಸತ್ಯ. ಆದರೆ ಜುಲೈ 10ರಂದು, ದಶಕಗಳಿಂದ ದಕ್ಷಿಣ ಕ್ಯಾರೊಲಿನಾದ ಶಾಸನಭವನದ ಆವರಣದಲ್ಲಿ ಹಾರುತ್ತಿದ್ದ, ಗುಲಾಮಗಿರಿ ಉಳಿಸಲು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಯುದ್ಧಧ್ವಜ ಕೆಳಗಿಳಿಯಿತು. ಕ್ಷಮೆ ಅನ್ಯಾಯಕ್ಕೆ ಒಪ್ಪಿಗೆ ಅಲ್ಲವೆಂದು ಆ ಕುಟುಂಬಗಳು ತೋರಿಸಿಕೊಟ್ಟವು.

ಭರವಸೆಯನ್ನು ವಾಷಿಂಗ್ಟನ್ನಿನ ಬಿಷಪ್ ಮೇರಿಯಾನ್ ಬಡಿ ಅವರಲ್ಲಿಯೂ ಕಾಣುತ್ತೇನೆ. ಹೊಸ ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕುಳಿತಿರುವಾಗ, ದನಿ ಏರಿಸದೆ, ಭಯದಲ್ಲಿರುವವರ ಮೇಲೆ ಕರುಣೆ ತೋರಿಸಿ ಎಂದು ಪ್ರಸಂಗ ಪೀಠದಿಂದ ಕೇಳಿಕೊಂಡರು. ಅವರು ಕೇಳಿದ್ದು ಕರುಣೆಯನ್ನು, ಅದಕ್ಕೆ ಅಧ್ಯಕ್ಷರು ಕ್ಷಮೆಯಾಚನೆ ಬೇಕೆಂದರು. ಬಿಷಪ್ ಯಾಚಿಸಲಿಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ಕಥೊಲಿಕ ಧರ್ಮಾಧ್ಯಕ್ಷರು ಒಟ್ಟಾಗಿ, ಜನರನ್ನು ವಿವೇಚನೆಯಿಲ್ಲದೆ ಸಾಮೂಹಿಕವಾಗಿ ಗಡೀಪಾರು ಮಾಡುವುದನ್ನು ವಿರೋಧಿಸುತ್ತೇವೆ ಎಂದು ಹೇಳಿಕೆ ಹೊರಡಿಸಿದರು. ಗರ್ಭಪಾತವನ್ನು ಗಟ್ಟಿಯಾಗಿ ವಿರೋಧಿಸುವ ಅದೇ ಧರ್ಮಾಧ್ಯಕ್ಷರು. ಯಾವ ಪಕ್ಷದ ಪಟ್ಟಿಯಲ್ಲಿಯೂ ಕೂರದ ಈ ನಿಲುವೇ ನನಗೆ ಸುವಾರ್ತೆಯ ಹತ್ತಿರದ್ದಾಗಿ ಕಾಣುತ್ತದೆ.

ನಮಗೆ ಇನ್ನೊಂದು ಋಣವಿದೆ. ನನ್ನ ಜಿಲ್ಲೆ ಕೋಲಾರ. ಅಲ್ಲಿನ ಇ.ಟಿ.ಸಿ.ಎಂ. ಆಸ್ಪತ್ರೆ ಅಮೆರಿಕದ ಮೆಥೋಡಿಸ್ಟ್ ಹೆಂಗಸರ ಮಿಷನ್ ಕಟ್ಟಿಸಿದ್ದು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಹೆಸರು ಇದೇ ಒಹಾಯೋದಿಂದ ಹಣ ಕೊಟ್ಟ ಜಾನ್ ಬಾಲ್ಡ್‌ವಿನ್ ಅವರದು. 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಆ ಹೆಂಗಸರ ಸಂಘ ಸದಸ್ಯರಿಂದ ಕೇಳಿದ್ದು ವಾರಕ್ಕೆ ಎರಡು ಸೆಂಟ್ ಮತ್ತು ಒಂದು ಪ್ರಾರ್ಥನೆ. ಆ ಹೆಂಗಸರಿಗೆ ಕೋಲಾರ ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಆ ಮಿಷನ್ನಿನಲ್ಲಿ ಬಿಳಿಯರ ದೊಡ್ಡಸ್ತಿಕೆಯೂ ಇತ್ತೆಂಬುದು ನನಗೆ ತಿಳಿದಿದೆ. ಆದರೆ ಹೆರಿಗೆಯಲ್ಲಿ ಸಾಯಬೇಕಾಗಿದ್ದ ಎಷ್ಟೋ ತಾಯಂದಿರು ಆ ಆಸ್ಪತ್ರೆಯಲ್ಲಿ ಉಳಿದರು. ಅವರಿಂದ ಹಾಗೆ ಪಡೆದ ನಾವು ಅವರ ಮೊಮ್ಮಕ್ಕಳಿಗೆ "ಪರದೇಶಿಯಾಗಿದ್ದೆನು, ನನ್ನನ್ನು ಸೇರಿಸಿಕೊಂಡಿರಿ" ಎಂಬ ಮತ್ತಾಯನ 25ನೇ ಅಧ್ಯಾಯದ ಮಾತನ್ನು ನೆನಪಿಸಿದರೆ ಅದು ಉದ್ಧಟತನವಲ್ಲ.

ಹಾಗಾಗಿ ನನ್ನ ಕೋರಿಕೆ. ವಾಟ್ಸಾಪಿನಲ್ಲಿ ಬಂದ ಮಾತು ನಿಜವೋ ಸುಳ್ಳೋ ತಿಳಿಯದೆ ಯಾರ ಮೇಲೂ ಹೊರಿಸಬೇಡಿ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಫೋನಿಗೂ ಅನ್ವಯಿಸುತ್ತದೆ. ನಿಮ್ಮ ಸಭಾಪಾಲಕರು ವಲಸಿಗರನ್ನು ಹೀನಾಯವಾಗಿ ಮಾತಾಡಿದರೆ ಎದ್ದು ಹೊರಡಬೇಡಿ, ಆರಾಧನೆ ಮುಗಿದ ಮೇಲೆ ಅವರ ಕೋಣೆಗೆ ಹೋಗಿ ಕುಳಿತು, ನಾನೂ ವಲಸೆ ಬಂದವನು, ನಿಮ್ಮ ಮಾತು ನನಗೆ ನೋವು ಮಾಡಿತು ಎಂದು ನೇರವಾಗಿ ಹೇಳಿ. ಬೇರೆ ಪಕ್ಷಕ್ಕೆ ಮತ ಹಾಕಿದ ಸಹೋದರನನ್ನು ಮನೆಗೆ ಕರೆಯುವುದನ್ನು ನಿಲ್ಲಿಸಬೇಡಿ. ಇಂಗ್ಲಿಷ್ ಕಲಿಸುವ, ವಲಸೆ ನ್ಯಾಯಾಲಯದ ದಿನ ಕುಟುಂಬಗಳ ಜೊತೆ ಹೋಗಿ ಕೂರುವ ಚರ್ಚುಗಳು ಹತ್ತಿರದ ಪಟ್ಟಣದಲ್ಲಿ ಇರುತ್ತವೆ. ಅವರಿಗೆ ಬೇಕಾಗಿರುವುದು ಕಾರು, ಬಿಡುವಿರುವ ಒಂದು ಬೆಳಗ್ಗೆ, ಅರ್ಜಿಯ ಇಂಗ್ಲಿಷ್ ಓದಿ ಹೇಳಬಲ್ಲವರು. ಎಷ್ಟೋ ವರ್ಷ ಅರ್ಜಿ ತುಂಬಿ ತುಂಬಿ ನಮಗೆ ಆ ನಮೂನೆಗಳು ಬಾಯಿಪಾಠವಾಗಿವೆ. ಮುಂದಿನ ಕನ್ನಡ ಆರಾಧನೆಯ ದಿನ, ಊಟಕ್ಕೆ ಏಳುವ ಮೊದಲು, ಯಾರು ಯಾವ ವಾರ ಹೋಗುತ್ತೀರೆಂದು ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ನಮ್ಮ ಊರಿನ ಹಾಳೆಯಲ್ಲಿ ಮೊದಲ ಹೆಸರು ನನ್ನದು.

ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಒಬ್ಬ ನಿವೃತ್ತ ನರ್ಸ್, ಒಹಾಯೋ